ಜಾಮೂನು ಎಣಿಸಿ ನೋಡಿ ಸ್ವಾಮಿ: ಗ್ರಾಹಕ ವ್ಯವಹಾರಗಳ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವರಿಗೆ,

ನಮಸ್ಕಾರ. ನೀವು ಧಾರವಾಡದಿಂದ ಆರಿಸಿ ಹೋದವರು, ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇನ್ನೊಂದು ಕಾರಣವೂ ಇದೆ. ಪೇಡೆಯ ಊರಿನವರಿಗೆ ಖೋವಾ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಡಬ್ಬಿಯಲ್ಲಿ ಬರುವ ಜಾಮೂನಿನಿಂದ ಖೋವಾ ಎಲ್ಲಿಗೆ ಹೋಯಿತು, ಹೋಗಲಿ, ಜಾಮೂನೇ ಎಲ್ಲಿಗೆ ಹೋಯಿತು ಅಂತ ಕೇಳಲು ಈ ಪತ್ರ.

ನಗಬೇಡಿ. ದೇಶದಲ್ಲಿ ಬೇರೆ ಸಮಸ್ಯೆ ಇಲ್ಲವಾ ಅಂತ ನಮ್ಮ ಮನೆಯವರೂ ಕೇಳಿದರು. ಇವೆ. ಅವುಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಇದರ ಬಗ್ಗೆ ಯಾರೂ ಬರೆಯುತ್ತಿಲ್ಲ.

ನಾನು ಮೈಸೂರಿನವಳು. ಒಂದು ಶಾಲೆಯ ಆಫೀಸಿನಲ್ಲಿ ಕೆಲಸ. ಬೆಳಿಗ್ಗೆ ಎಂಟೂವರೆಗೆ ಹೊರಟರೆ ಮನೆ ಸೇರುವಾಗ ಸಂಜೆ ಆರು. ಅತ್ತೆಗೆ ಎಂಬತ್ತೆರಡು ವರ್ಷ. ಇಂಥ ಮನೆಯಲ್ಲಿ ರೆಡಿಮೇಡ್ ಪೊಟ್ಟಣ, ಡಬ್ಬಿ ಅನ್ನುವುದು ಶೋಕಿ ಅಲ್ಲ, ಆಪತ್ತಿಗೆ ಒದಗುವ ನೆಂಟರಿದ್ದ ಹಾಗೆ. ಇಪ್ಪತ್ತು ವರ್ಷದಿಂದ ನಮ್ಮ ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿ ಎರಡು ಡಬ್ಬಿ ಜಾಮೂನು, ನಾಲ್ಕು ಪೊಟ್ಟಣ ಬಿಸಿಬೇಳೆಬಾತ್ ಇದ್ದೇ ಇರುತ್ತವೆ. ಅತ್ತೆಯ ಕೈಲಿ ಅನ್ನಿಸಿಕೊಂಡೇ ಇಟ್ಟಿದ್ದೇನೆ. ರೆಡಿಮೇಡ್ ಅಂದ ಕೂಡಲೇ ಮೂಗು ಮುರಿಯುವವರ ಪೈಕಿ ನಾನಲ್ಲ ಅನ್ನುವುದು ನಿಮಗೆ ಮೊದಲೇ ತಿಳಿದಿರಲಿ.

ತುಂಬಾ ಸಹಿಸಿಕೊಂಡಿದ್ದೇನೆ. ಬಿಸಿಬೇಳೆಬಾತ್ ಪೊಟ್ಟಣ 300 ಗ್ರಾಂ ಇದ್ದದ್ದು 250 ಆಯಿತು. ಪೊಟ್ಟಣದ ಅಳತೆ ಮಾತ್ರ ಹಾಗೇ ಇತ್ತು. ಸುಮ್ನಿದ್ದೆ. ಬೇಳೆ ಕಡಿಮೆಯಾಗಿ ಅನ್ನ ಜಾಸ್ತಿಯಾಯಿತು. ಸುಮ್ನಿದ್ದೆ. ಮೇಲಿನ ಚಿತ್ರದಲ್ಲಿ ಇಡೀ ಗೋಡಂಬಿ, ಹಸಿರು ಬೀನ್ಸು, ಕ್ಯಾರೆಟ್ಟು, ಪಕ್ಕದಲ್ಲಿ ಒಂದು ತುಪ್ಪದ ಗಿಂಡಿ ಬೇರೆ. ಒಂದು ಭಾನುವಾರ ಹಟಕ್ಕೆ ಬಿದ್ದು ಪೊಟ್ಟಣದಲ್ಲಿದ್ದದ್ದನ್ನೆಲ್ಲ ಜರಡಿಗೆ ಸುರಿದು ನಲ್ಲಿ ನೀರು ಬಿಟ್ಟು ನೋಡಿದೆ. ಅರ್ಧ ಗೋಡಂಬಿ. ನಾಲ್ಕು ಚೂರು ಬೀನ್ಸು. ಕ್ಯಾರೆಟ್ಟು ಅಂತ ನಾನು ಅಂದುಕೊಂಡದ್ದು ಮೆಣಸಿನಕಾಯಿ ಸಿಪ್ಪೆ. ಚಿತ್ರದ ಕೆಳಗೆ ಇರುವೆ ಸಾಲಿನಷ್ಟು ಸಣ್ಣಕ್ಷರದಲ್ಲಿ, ಇಂಗ್ಲಿಷಿನಲ್ಲಿ, ಇದು ಬಡಿಸುವ ರೀತಿಯ ಸಲಹೆ ಮಾತ್ರ ಅಂತ ಬರೆದಿತ್ತು. ಅಂದರೆ ಗೋಡಂಬಿ ನಾವೇ ಹಾಕಿಕೊಳ್ಳಬೇಕು. ಆಗಲೂ ಸುಮ್ನಿದ್ದೆ. ಆದರೆ ಮೊನ್ನೆ ಜನವರಿಯಲ್ಲಿ ನಡೆದದ್ದನ್ನು ನುಂಗಿಕೊಳ್ಳಲು ಆಗುತ್ತಿಲ್ಲ. ಸ್ವಲ್ಪ ಉದ್ದವಾಗುತ್ತದೆ, ಓದಿ.

ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ನಾಲ್ಕು ಜನ ಅಂದಿದ್ದರು. ಹಿಂದಿನ ರಾತ್ರಿ ಅತ್ತೆಗೆ ಉಸಿರಾಟದ ತೊಂದರೆಯಾಗಿ ಆಸ್ಪತ್ರೆಗೆ ಓಡಿ, ಬೆಳಗಿನ ಜಾವ ಮನೆಗೆ ಬಂದೆವು. ಹತ್ತು ಗಂಟೆಗೆ ಒಂಬತ್ತು ಜನ ಇಳಿದರು. ಉಪ್ಪಿಟ್ಟು ಹೇಗೋ ಆಯಿತು. ಸಿಹಿಗೆ ಡಬ್ಬಿಗಳಿದ್ದವಲ್ಲ, ಧೈರ್ಯವಾಗಿದ್ದೆ. ಒಂದರಲ್ಲಿ ಹದಿನಾರು, ಎರಡರಲ್ಲಿ ಮೂವತ್ತೆರಡು. ಅತ್ತೆಯನ್ನು ಬಿಟ್ಟು ಮನೆಯವರೂ ಸೇರಿ ಹನ್ನೆರಡು ಜನ. ತಲೆಗೆ ಎರಡು ಇಟ್ಟರೂ ಎಂಟು ಉಳಿಯುತ್ತದೆ. ಇದು ನನ್ನ ಲೆಕ್ಕ.

ಮೊದಲ ಡಬ್ಬಿ ಕೊಯ್ದು ಸೌಟು ಹಾಕಿದರೆ ಬರೀ ಪಾಕ. ಇನ್ನೊಮ್ಮೆ ತಿರುವಿದೆ. ತಳದಲ್ಲೆಲ್ಲೋ ಕೂತಿದ್ದವು, ಹನ್ನೊಂದು. ಎರಡನೆಯದರಲ್ಲಿ ಹತ್ತು. ಅಡುಗೆಮನೆಯಲ್ಲಿ ನಾನೂ ನನ್ನ ಮಗಳೂ ಕಳ್ಳರ ಹಾಗೆ ಪಿಸುಗುಟ್ಟುತ್ತಾ ಲೆಕ್ಕ ಹಾಕಿದೆವು. ಬಂದವರಿಗೆ ಎರಡೆರಡು, ನಮಗೆ ಒಂದೊಂದು. ಅಲ್ಲಿಗೆ ಇಪ್ಪತ್ತೊಂದೂ ಖಾಲಿ. ಯಾರಾದರೂ ಇನ್ನೊಂದು ಕೇಳಿದರೆ ದೇವರೇ ಗತಿ.

ಯಾರೂ ಕೇಳಲಿಲ್ಲ ಬಿಡಿ. ಹುಡುಗನ ಸೋದರಮಾವ ಬಿಳಿ ಪಂಚೆ ಉಟ್ಟು ಬಂದಿದ್ದರು. ಮರ್ಯಾದಸ್ಥರು. ಜಾಮೂನಿಗೆ ಚಮಚ ಒತ್ತಿದರು. ಹೊರಗಿನ ಪದರ ಮೆತ್ತಗೆ ಸುಲಿದು ಬಂತು, ಒಳಗಿನದು ಹುಣಸೆಬೀಜದಷ್ಟು ಗಟ್ಟಿ. ಇನ್ನೊಂಚೂರು ಒತ್ತಿದರು. ಅದು ಟಣ್ ಅಂತ ಬಟ್ಟಲಿನ ಅಂಚಿಗೆ ಬಡಿದು, ಎಗರಿ, ಅವರ ತೊಡೆಯ ಮೇಲೆ ಬಿದ್ದು, ಪಂಚೆಯುದ್ದಕ್ಕೂ ಕಂದು ಗೆರೆ ಎಳೆಯುತ್ತಾ ನೆಲಕ್ಕೆ ಉರುಳಿತು. ಒಡೆಯಲಿಲ್ಲ, ಸ್ವಾಮಿ. ನೆಲಕ್ಕೆ ಬಿದ್ದರೂ ಒಡೆಯಲಿಲ್ಲ. ಸೋಫಾದ ಕೆಳಗೆ ಹೋಯಿತು. ಎಲ್ಲರೂ ಅದನ್ನೇ ನೋಡುತ್ತಾ ಕೂತರು. ಕೊನೆಗೆ ಅವರೇ, "ಮನೇಲೇ ಮಾಡಿದ್ದಾ ತಾಯಿ?" ಅಂತ ಕೇಳಿದರು. ಹೌದು ಅಂದರೆ ನನ್ನ ಕೈಗುಣದ ಮಾನ ಹೋಗುತ್ತದೆ, ಅಲ್ಲ ಅಂದರೆ ಮನೆತನದ್ದು. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?

ಸಂಬಂಧ ಕೂಡಿ ಬಂತು, ಅದು ಹುಡುಗ-ಹುಡುಗಿಯ ಒಳ್ಳೆಯತನ. ಆದರೆ ನಿಶ್ಚಿತಾರ್ಥದ ಊಟಕ್ಕೆ ಕೂತಾಗ ಆ ಮಾವ ತೊಡೆ ಮೇಲೆ ಟವೆಲ್ ಹರಡಿಕೊಂಡರು. ನನ್ನ ಕಡೆ ನೋಡಿ ನಕ್ಕರು. ನನಗೆ ನಗು ಬರಲಿಲ್ಲ.

ನಾನು ಬರೀ ಬೇಜಾರಿನಲ್ಲಿ ಮಾತಾಡುತ್ತಿಲ್ಲ. ನಮ್ಮ ಮನೆಯವರು ಮೊಳೆ, ಸ್ಕ್ರೂ ಹಾಕಿಡುವುದು ಇದೇ ಕಂಪನಿಯ ಒಂದು ಹಳೆಯ ಜಾಮೂನು ಡಬ್ಬಿಯಲ್ಲಿ. ಹದಿನೈದು ವರ್ಷದ್ದಾದರೂ ಇರಬೇಕು. ಅವತ್ತು ಸಂಜೆ ಅದನ್ನು ಹುಡುಕಿ ತಂದು ಹೊಸ ಡಬ್ಬಿಯ ಪಕ್ಕ ಇಟ್ಟೆ. ಅದೇ ಬಣ್ಣ, ಅದೇ ಬೆಳ್ಳಿ ಬಟ್ಟಲಿನ ಚಿತ್ರ, ಅದೇ ಒಂದು ಕೆಜಿ. ಹಳೆಯದರಲ್ಲಿ "16 ಜಾಮೂನು" ಅಂತ ಮುಂದೆಯೇ ಇದೆ. ಹೊಸದರಲ್ಲಿ ಆ ಜಾಗದಲ್ಲಿ "ಹೊಸ ರುಚಿ" ಅಂತ ನಕ್ಷತ್ರದ ಗುರುತು. ಹಳೆಯದರ ಪದಾರ್ಥಗಳು: ಸಕ್ಕರೆ, ನೀರು, ಖೋವಾ, ಮೈದಾ, ತುಪ್ಪ. ಹೊಸದರಲ್ಲಿ: ಸಕ್ಕರೆ, ನೀರು, ಮೈದಾ, ತಾಳೆ ಎಣ್ಣೆ, ಹಾಲಿನ ಪುಡಿ, ಆಮೇಲೆ ಕೊನೆಯ ಬೆಂಚಿನ ಹುಡುಗನ ಹಾಗೆ ಖೋವಾ. ಹೆಚ್ಚು ತೂಕದ್ದು ಮೊದಲು, ಕಡಿಮೆಯದು ಆಮೇಲೆ ಬರೆಯಬೇಕು ಅನ್ನುವ ನಿಯಮ ನಿಮಗೆ ಗೊತ್ತಿರುವುದೇ. ತುಪ್ಪದ ಹೆಸರೇ ಇಲ್ಲ. "ಹೊಸ ರುಚಿ" ಅಂದರೆ ಇದು.

ಆಮೇಲೆ ಅಂಗಡಿಗೆ ಹೋಗಿ ಮೂರನೆಯ ಡಬ್ಬಿ ತಂದೆ. ₹240. ಹುಳಿಪುಡಿ ಮಾಡುವಾಗ ಬೇಕಾಗುತ್ತದೆ ಅಂತ ನನ್ನ ಹತ್ತಿರ ಒಂದು ಎಲೆಕ್ಟ್ರಾನಿಕ್ ತಕ್ಕಡಿ ಇದೆ. ಜಾಮೂನನ್ನು ಜರಡಿಯಲ್ಲಿ ಬಸಿದು, ಪಾಕ ತೊಟ್ಟಿಕ್ಕುವುದು ನಿಂತ ಮೇಲೆ ತೂಗಿದೆ. ಹನ್ನೊಂದು ಜಾಮೂನು, 420 ಗ್ರಾಂ. ಉಳಿದ 580 ಗ್ರಾಂ ಸಕ್ಕರೆ ನೀರು.

ಕಂಪನಿಗೆ ಫೋನ್ ಮಾಡಿದೆ. ಇಪ್ಪತ್ತು ನಿಮಿಷ ವೀಣೆ ಕೇಳಿಸಿದರು. ಆಮೇಲೆ ಸಿಕ್ಕ ಹುಡುಗಿ ಪಾಪ ಒಳ್ಳೆಯವಳೇ. ದ್ರವದಲ್ಲಿ ಹಾಕಿದ ಪದಾರ್ಥಕ್ಕೆ ಬಸಿದ ಮೇಲಿನ ತೂಕವನ್ನೂ ಬರೆಯಬೇಕಲ್ಲಮ್ಮ, ಡಬ್ಬಿಯ ಮೇಲೆ ಎಲ್ಲಿದೆ ಅಂತ ಕೇಳಿದೆ. ಯಾರನ್ನೋ ಕೇಳಿ ಬಂದು ಹೇಳಿದಳು: "ಮೇಡಂ, ಅದು ತಿನ್ನೋ ಮುಂಚೆ ಚೆಲ್ಲೋ ನೀರಿಗೆ ಮಾತ್ರ. ಪಾಕ ಯಾರೂ ಚೆಲ್ಲಲ್ಲ ಮೇಡಂ. ಪಾಕಾನೂ ಪ್ರಾಡಕ್ಟೇ."

ಪಾಕವೂ ಪ್ರಾಡಕ್ಟೇ! ಹಾಗಾದರೆ ಡಬ್ಬಿ ಮೇಲೆ "ಪಾಕ" ಅಂತ ದೊಡ್ಡದಾಗಿ ಬರೆದು, ಕೆಳಗೆ "ಜೊತೆಗೆ ಒಂದಷ್ಟು ಜಾಮೂನು" ಅಂತ ಹಾಕಲಿ. ನಾನು ಬೇಡ ಅನ್ನಲ್ಲ. ನನ್ನ ಮನಸ್ಸು ಸಮಾಧಾನ ಆಗಲಿ ಅಂತ ಮುಂದಿನ ಖರೀದಿಗೆ ₹50 ಕೂಪನ್ ಕಳಿಸಿದರು. ಅದೇ ಜಾಮೂನಿಗೆ.

ಸಚಿವರೇ, ನಿಯಮಕ್ಕೆ ಬರಗಾಲವಿಲ್ಲ. 2006ರ ಆಹಾರ ಸುರಕ್ಷತಾ ಕಾಯ್ದೆ ಇದೆ. ಲೇಬಲ್ ಹೇಗಿರಬೇಕು ಅಂತ 2020ರ ನಿಯಮಾವಳಿ ಇದೆ. ಚಿತ್ರದಲ್ಲೋ ಮಾತಿನಲ್ಲೋ ಎತ್ತಿ ತೋರಿಸಿದ ಪದಾರ್ಥ ಶೇಕಡ ಎಷ್ಟಿದೆ ಅಂತ ಹೇಳಬೇಕು ಅನ್ನುವುದೂ ಅದರಲ್ಲಿದೆ. ಅದು ಆರೋಗ್ಯ ಇಲಾಖೆಗೆ ಸೇರಿದ್ದು ಅಂತ ನಿಮ್ಮ ಕಚೇರಿಯವರು ಈ ಪತ್ರವನ್ನು ಪಕ್ಕದ ಕಚೇರಿಗೆ ತಳ್ಳಬಹುದು. ಅದಕ್ಕೇ ಹೇಳುತ್ತಿದ್ದೇನೆ, ಪೊಟ್ಟಣದ ತೂಕ, ಅಳತೆ, ಬೆಲೆ ಹೇಗೆ ಬರೆಯಬೇಕು ಅನ್ನುವ 2011ರ ನಿಯಮಗಳು ನಿಮ್ಮವೇ. ಬಿಸ್ಕತ್ತು, ಚಹಾ, ಕಾಫಿ ಇಂಥವು ಇಷ್ಟಿಷ್ಟೇ ತೂಕದ ಪೊಟ್ಟಣದಲ್ಲಿ ಬರಬೇಕು ಅಂತ ಮೊದಲು ಒಂದು ಪಟ್ಟಿ ಇತ್ತು. ಅದನ್ನು ತೆಗೆದರು. ಬದಲಿಗೆ ಗ್ರಾಂಗೆ ಎಷ್ಟು ಬೆಲೆ ಅಂತ ಬರೆಯಲು ಹೇಳಿದರು. ಒಳ್ಳೆಯದೇ. ನನ್ನ ಡಬ್ಬಿಯ ಮೇಲೂ ಇದೆ, ಗ್ರಾಂಗೆ ₹0.24 ಅಂತ. ಯಾವುದರ ಗ್ರಾಂ? ಪಾಕವನ್ನೂ ಸೇರಿಸಿದ್ದು. ಜಾಮೂನು ಒಂದನ್ನೇ ಲೆಕ್ಕ ಹಾಕಿದರೆ ₹0.57 ಆಗುತ್ತದೆ. ಅಂದರೆ ಗ್ರಾಹಕರಿಗೆ ಅನುಕೂಲವಾಗಲಿ ಅಂತ ನೀವು ಬರೆಸಿದ ಅಂಕಿಯೇ ನಮಗೆ ಪಾಕ ಮಾರುತ್ತಿದೆ.

ನನಗೆ ಬೇಕಾದದ್ದು ಇಷ್ಟೇ. ಡಬ್ಬಿಯ ಮುಂದೆ, ದೊಡ್ಡಕ್ಷರದಲ್ಲಿ, ಬಸಿದರೆ ಎಷ್ಟು ಗ್ರಾಂ ಅಂತ ಬರೆಸಿ. ಪಾಕ ಚೆಲ್ಲುತ್ತಾರೋ ಕುಡಿಯುತ್ತಾರೋ ಅನ್ನುವ ತಕರಾರು ಬೇಡ. ಖೋವಾ ತೆಗೆದು ಮೈದಾ ಹಾಕಿದರೆ, ತುಪ್ಪ ತೆಗೆದು ತಾಳೆ ಎಣ್ಣೆ ಹಾಕಿದರೆ, 300 ಗ್ರಾಂ 250 ಆದರೆ, ಅದನ್ನೂ ಅಲ್ಲೇ ಬರೆಸಿ. ಆ "ಹೊಸ ರುಚಿ" ನಕ್ಷತ್ರದಲ್ಲಿ ಬೇಕಾದಷ್ಟು ಜಾಗ ಇದೆ.

ನಮ್ಮೂರಿನ ಮಾತು ಒಂದು ಹೇಳದೆ ಇರಲಾರೆ. ಡಬ್ಬಿ ಆಹಾರ ಕೆಟ್ಟದ್ದು ಅಂತ ಮೈಸೂರಿನವರು ಹೇಳುವ ಹಾಗಿಲ್ಲ. 1950ರಲ್ಲಿ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಶುರುವಾದ ಸಿಎಫ್‌ಟಿಆರ್‌ಐ, ಅಂದರೆ ಆಹಾರ ತಂತ್ರಜ್ಞಾನದ ಕೇಂದ್ರ ಸಂಶೋಧನಾ ಸಂಸ್ಥೆ, ಇರುವುದು ಇಲ್ಲೇ. ಗಡಿಯಲ್ಲಿರುವ ಸೈನಿಕರಿಗೆ ಊಟದ ಪೊಟ್ಟಣ ರೂಪಿಸಿದ ರಕ್ಷಣಾ ಇಲಾಖೆಯ ಆಹಾರ ಪ್ರಯೋಗಾಲಯ ಡಿಎಫ್‌ಆರ್‌ಎಲ್ ಶುರುವಾಗಿದ್ದೂ ಇಲ್ಲೇ, 1961ರಲ್ಲಿ. ಪೊಟ್ಟಣಕ್ಕೆ ಸೀಲ್ ಹಾಕಿ, ಒತ್ತಡದಲ್ಲಿ ಸುಮಾರು 121 ಡಿಗ್ರಿ ಶಾಖ ಕೊಟ್ಟರೆ ಒಳಗಿನ ರೋಗಾಣುಗಳೆಲ್ಲ ಸಾಯುತ್ತವೆ. ಆಮೇಲೆ ಫ್ರಿಜ್ ಬೇಡ, ಕೆಡದಂತೆ ಬೇರೇನೂ ಬೆರೆಸಬೇಕಾಗಿಲ್ಲ. ನಮ್ಮ ದೊಡ್ಡ ಕುಕ್ಕರಿನ ವಿದ್ಯೆಯೇ ಇದು. ಆದರೆ ಆ ಮೆಷಿನ್ನಿಗೆ ಏನು ಕೊಟ್ಟರೆ ಅದನ್ನೇ ಕಾಪಾಡಿ ಕೊಡುತ್ತದೆ. ಗೋಡಂಬಿ ಹಾಕಿದರೆ ಗೋಡಂಬಿ, ಗಂಜಿ ಹಾಕಿದರೆ ಗಂಜಿ. ವಿಜ್ಞಾನಿಗಳು ಅಷ್ಟು ಕಷ್ಟಪಟ್ಟದ್ದು ಅರ್ಧ ಗೋಡಂಬಿಯನ್ನು ಒಂದು ವರ್ಷ ಜೋಪಾನ ಮಾಡಲಿಕ್ಕಾ?

ಲೇಬಲ್ ಓದಿಕೊಂಡು ಕೊಳ್ಳಿ ಅಂತ ಜಾಹೀರಾತು ಕೊಡುತ್ತೀರಿ. ಓದಿದೆ. ಕನ್ನಡಕ ಹಾಕಿಕೊಂಡು, ಅದರ ಮೇಲೆ ಮಗಳ ಮೊಬೈಲಿನಲ್ಲಿ ದೊಡ್ಡದು ಮಾಡಿಕೊಂಡು ಓದಿದೆ. ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿದ್ದರೆ ಸಾಕು, ಕನ್ನಡ ಬೇಕಿದ್ದರೆ ಹಾಕಬಹುದು, ಇಲ್ಲದಿದ್ದರೂ ನಡೆಯುತ್ತದೆ ಅನ್ನುವುದು ಕೇಂದ್ರದ ನಿಯಮ. ನಮ್ಮ ಅತ್ತೆ ಕನ್ನಡ ಪೇಪರನ್ನು ದಿನಾ ಕೊನೆಯ ಪುಟದವರೆಗೆ ಓದುತ್ತಾರೆ. ಅವರಿಗೆ ಸಕ್ಕರೆ ಕಾಯಿಲೆ. ಡಬ್ಬಿಯಲ್ಲಿ ಏನಿದೆ ಅಂತ ಅವರಿಗೆ ಗೊತ್ತಾಗುವುದು ಹೇಗೆ? ಹೆಸರು, ಜಾಹೀರಾತು ಮಾತ್ರ ಚಂದದ ಕನ್ನಡದಲ್ಲಿರುತ್ತದೆ. "ಅಮ್ಮನ ಕೈರುಚಿ" ಅಂತೆ. ಯಾರ ಅಮ್ಮ?

ಬೇಡದಿದ್ದರೆ ಕೊಳ್ಳಬೇಡಿ, ಮನೆಯಲ್ಲೇ ಮಾಡಿಕೊಳ್ಳಿ ಅನ್ನುವವರಿದ್ದಾರೆ. ಹೆಚ್ಚಾಗಿ ಒಲೆ ಮುಂದೆ ನಿಲ್ಲದವರೇ ಇದನ್ನು ಹೇಳುವುದು. ಪುಕ್ಕಟೆ ಕೊಡಿ ಅಂತ ನಾನು ಕೇಳಲಿಲ್ಲ. ಬೆಲೆ ಏರಿಸಲಿ, ₹240 ಬದಲು ₹300 ಮಾಡಲಿ, ಖೋವಾ ಹಾಕಿ ಏರಿಸಲಿ. ಖೋವಾ ದುಬಾರಿ ಅಂತ ಬಾಯಿಬಿಟ್ಟು ಹೇಳಲಿ. ಬೆಲೆ ಏರಿದರೆ ಕಣ್ಣಿಗೆ ಕಾಣುತ್ತದೆ, ಬೈದುಕೊಂಡು ಕೊಳ್ಳುತ್ತೇವೆ, ಇಲ್ಲ ಬಿಡುತ್ತೇವೆ. ಇದು ಹಾಗಲ್ಲ. ಡಬ್ಬಿ ಕೊಯ್ಯುವವರೆಗೂ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಹಜಾರದಲ್ಲಿ ಒಂಬತ್ತು ಜನ ಕೂತಿರುತ್ತಾರೆ.

ಆದ್ದರಿಂದ ಮತ್ತೆ ಕೇಳುತ್ತೇನೆ. ಬಸಿದ ತೂಕ ಡಬ್ಬಿಯ ಮುಂದೆ ಬರಬೇಕು. ಏನು ತೆಗೆದು ಏನು ಹಾಕಿದರು ಅನ್ನುವುದು ಮುಂದೆ ಬರಬೇಕು. ಕನ್ನಡದಲ್ಲೂ ಬರಬೇಕು. ಸಮಿತಿ ಮಾಡುತ್ತೇವೆ ಅನ್ನಬೇಡಿ. ಒಂದು ಜರಡಿ, ಒಂದು ತಕ್ಕಡಿ ಇದ್ದರೆ ಹತ್ತು ನಿಮಿಷದ ಕೆಲಸ, ನಾನು ಅಡುಗೆಮನೆಯಲ್ಲೇ ಮಾಡಿದ್ದೇನೆ.

ಹೊಸ ಡಬ್ಬಿ, ಹಳೆಯ ಡಬ್ಬಿ ಎರಡನ್ನೂ ಒರೆಸಿ ಇಟ್ಟಿದ್ದೇನೆ. ನಿಮ್ಮ ಕಚೇರಿಯಿಂದ ಒಂದು ಮಾತು ಬಂದರೆ ಪಾರ್ಸೆಲ್ ಮಾಡುತ್ತೇನೆ, ಜೊತೆಗೆ ಆ ₹50 ಕೂಪನ್ನನ್ನೂ. ನೋಡಿ ಆದ ಮೇಲೆ ಹಳೆಯದನ್ನು ಮಾತ್ರ ದಯವಿಟ್ಟು ವಾಪಸ್ ಕಳಿಸಿ. ಮೊಳೆಗಳೆಲ್ಲ ಸದ್ಯಕ್ಕೆ ಒಂದು ಲೋಟದಲ್ಲಿವೆ, ನಮ್ಮ ಮನೆಯವರು ದಿನಾ ಕೇಳುತ್ತಿದ್ದಾರೆ.

ಇಂತಿ,
ಒಬ್ಬ ಗ್ರಾಹಕಿ
ಮೈಸೂರು