ಶಾಲೆ ಕ್ಯಾಂಪಿನಲ್ಲಿ ಕೋಲು ನೆಡಿಸಿದವರಿಗೆ ಥ್ಯಾಂಕ್ಸ್

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಮಗಳ ಕ್ಯಾಥೊಲಿಕ್ ಶಾಲೆಯ ಕ್ಯಾಂಪಿಗೆ ಸಹಾಯಕ್ಕೆ ಬಂದಿದ್ದವರು ಅಂತಷ್ಟೇ ಗೊತ್ತು. ಸಿಸ್ಟರ್ ಹತ್ತಿರ ಕೇಳಿದರೆ, "ಹೆಸರು ಹೇಳಬೇಡಿ ಅಂದಿದ್ದಾರೆ" ಎಂದು ನಕ್ಕರು. ಹಾಗಾಗಿ ಇಲ್ಲೇ ಬರೆಯುತ್ತಿದ್ದೇನೆ.

ದಿಕ್ಕು ಕಂಡುಹಿಡಿಯೋದನ್ನ ಮಕ್ಕಳಿಗೆ ಕಲಿಸಲು ದಿಕ್ಸೂಚಿ ಕೈಗೆ ಕೊಟ್ಟು, ಉತ್ತರ ದಿಕ್ಕು ಇಲ್ಲಿದೆ ಅಂತ ತೋರಿಸಿ ಮುಗಿಸಬಹುದಿತ್ತು ಅಲ್ವಾ? ನೀವು ಬಿಸಿಲಲ್ಲಿ ಒಂದು ಕೋಲು ನೆಡಿಸಿ, ನೆರಳಿನ ತುದಿಗೆ ಕಲ್ಲು ಇಡಿಸಿ, ಕಾಲು ಗಂಟೆ ಕಾಯಿಸಿ, ನೆರಳು ಸರಿದ ಮೇಲೆ ಇನ್ನೊಂದು ಕಲ್ಲು ಇಡಿಸಿ, ಮೊದಲ ಕಲ್ಲು ಪಶ್ಚಿಮ, ಎರಡನೆಯದು ಪೂರ್ವ ಯಾಕೆ ಅಂತ ಮಕ್ಕಳ ಬಾಯಿಂದಲೇ ಹೇಳಿಸಿದಿರಿ. ಸೂರ್ಯ ಪಶ್ಚಿಮಕ್ಕೆ ಹೋದ ಹಾಗೆ ನೆರಳು ಪೂರ್ವಕ್ಕೆ ಸರಿಯುತ್ತದೆ. ಇಷ್ಟೇ ವಿಷಯ. ಆದರೆ ಬಾಯಿಪಾಠ ಮಾಡಿದ್ದು ಪರೀಕ್ಷೆ ಮುಗಿದ ಮೇಲೆ ನಿಲ್ಲುವುದಿಲ್ಲ, ಇದು ನಿಂತಿದೆ.

ಆ ಕಾಲು ಗಂಟೆಯೂ ಸುಮ್ನೆ ಹೋಗಲಿಲ್ಲವಂತೆ. ಗ್ರೆಗರ್ ಮೆಂಡೆಲ್ ಅನ್ನೋ ಕ್ಯಾಥೊಲಿಕ್ ಸನ್ಯಾಸಿ ಮಠದ ತೋಟದಲ್ಲಿ ವರ್ಷಗಟ್ಟಲೆ ಬಟಾಣಿ ಗಿಡ ಬೆಳೆಸಿ, ಎಣಿಸಿ, ಬರೆದಿಟ್ಟು, ಗುಣಗಳು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಹೇಗೆ ಬರುತ್ತವೆ ಅನ್ನೋದನ್ನ 1866ರಲ್ಲಿ ಪ್ರಕಟಿಸಿದ ಕಥೆ ಹೇಳಿದಿರಂತೆ. ಅವರು ಬದುಕಿದ್ದಾಗ ಹೆಚ್ಚಿನವರು ಗಮನಿಸಲೇ ಇಲ್ಲ, 1900ರಲ್ಲಿ ಅದು ಮತ್ತೆ ಬೆಳಕಿಗೆ ಬಂತು. ಕಾಯೋಕೆ ಬೇಜಾರು ಮಾಡಿಕೊಳ್ಳುವ ಮಕ್ಕಳಿಗೆ ಸರಿಯಾದ ಕಥೆಯನ್ನೇ ಹುಡುಕಿದ್ದೀರಿ!

ಆಮೇಲೆ ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ಮಗಳ ತಂಡ ಟಾರ್ಚನ್ನೇ ಸೂರ್ಯ ಮಾಡಿಕೊಂಡು ಇದನ್ನೇ ತೋರಿಸಿ ಎರಡನೇ ಬಹುಮಾನ ತಂದಿತು. ಬಹುಮಾನ ಇರಲಿ ಬಿಡಿ. ತೀರ್ಪುಗಾರರು ಅಡ್ಡಪ್ರಶ್ನೆ ಹಾಕಿದಾಗ, ಯಾವಾಗಲೂ ಹಿಂದೆ ನಿಲ್ಲುವ ಇವಳೇ ಮುಂದೆ ಬಂದು ಉತ್ತರ ಕೊಟ್ಟಳು, ನನಗೆ ಅದೇ ಜಾಸ್ತಿ.

ತುಂಬಾ ಥ್ಯಾಂಕ್ಸ್. ಮುಂದಿನ ಕ್ಯಾಂಪಿಗೂ ಬನ್ನಿ, ಮಕ್ಕಳು ಈಗಲೇ ಕೇಳುತ್ತಿದ್ದಾರೆ.