ತಿರುಗದ ಚೆಂಡಿಗೂ ಅದನ್ನು ಹಿಡಿದ ಕೈಗೂ ನಮಸ್ಕಾರ

ಅಮೆರಿಕದ ಬೇಸ್‌ಬಾಲ್ ಪಿಚರ್ (ಚೆಂಡು ಎಸೆಯುವವ) ಫಿಲ್ ನೀಕ್ರೋ 2020ರ ಡಿಸೆಂಬರ್ 26ರಂದು, 81ನೇ ವಯಸ್ಸಿನಲ್ಲಿ ತೀರಿಕೊಂಡರು. ಬಾಲ್ಯದ ಹೀರೋಗೆ ಹೇಳಬೇಕಾದ ಧನ್ಯವಾದ ಬಾಕಿ ಉಳಿದಿತ್ತು. 24 ಸೀಸನ್, 318 ಗೆಲುವು, 1997ರಲ್ಲಿ ಹಾಲ್ ಆಫ್ ಫೇಮ್: ಬೇಸ್‌ಬಾಲ್ ಬಲ್ಲವರಿಗೆ ಇವೆಲ್ಲ ಬಾಯಿಪಾಠ.

ಅವರ ಆಸ್ತಿ ನಕಲ್‌ಬಾಲ್, ಅಂದರೆ ಹೆಚ್ಚುಕಡಿಮೆ ತಿರುಗದೇ ಹೋಗುವ ನಿಧಾನದ ಎಸೆತ. ತೋರುಬೆರಳು, ನಡುಬೆರಳಿನ ಉಗುರುಗಳನ್ನು ಹೊಲಿಗೆಯ ಹಿಂದೆ ಚರ್ಮಕ್ಕೆ ಊರಬೇಕು. ಹೆಬ್ಬೆರಳು, ಉಂಗುರಬೆರಳು ಬದಿಗೆ ಆಸರೆ. ಮಣಿಕಟ್ಟು ಬಿಗಿ, ಎಸೆಯುವುದಕ್ಕಿಂತ ನೂಕುವುದೇ ಹೆಚ್ಚು. ಪಿಚರ್‌ನಿಂದ ಬ್ಯಾಟರ್ ಕಡೆಗಿನ 60 ಅಡಿ 6 ಇಂಚು ದಾಟುವಷ್ಟರಲ್ಲಿ ಚೆಂಡು ಒಂದು ಸುತ್ತು ತಿರುಗಿದರೆ ಸಾಕು. ಹೊಲಿಗೆಯ ಏಣು ಗಾಳಿಗೆ ಒಮ್ಮೆ ಈ ಮಗ್ಗುಲಲ್ಲಿ, ಒಮ್ಮೆ ಆ ಮಗ್ಗುಲಲ್ಲಿ ಸಿಕ್ಕಿ ಚೆಂಡು ಓಲಾಡುತ್ತದೆ. ಬೆರಳು ಸ್ವಲ್ಪ ಜಾರಿ ನಾಲ್ಕೈದು ಸುತ್ತು ಬಿತ್ತೋ, ಓಲಾಟ ಸತ್ತು ಅದು ಬರೀ ನಿಧಾನದ ನೇರ ಚೆಂಡು, ಬ್ಯಾಟರ್‌ಗೆ ಹಬ್ಬ. ಉಗುರು ಮುರಿದರೂ ಇದೇ ಗತಿ. ಕ್ರಿಕೆಟ್‌ನಲ್ಲಿ ಚಂದ್ರಶೇಖರ್ ಮಣಿಕಟ್ಟಿನ ತಿರುವು ಕಂಡ ನಮಗೆ, ತಿರುಗದಿರುವುದರಲ್ಲೇ ಮಾಯೆಯಿದೆ ಎಂದು ಒಪ್ಪಲು ಹೊತ್ತು ಬೇಕು.

ಆದರೆ ಹೆಚ್ಚಿನ ಋಣ ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವ) ಬಾಬ್ ಯೂಕರ್ ಅವರದು. ಎಸೆದವನಿಗೇ ಗೊತ್ತಿಲ್ಲದ ದಾರಿಯ ಚೆಂಡನ್ನು ಹಿಡಿಯುವವನು ಹೇಗೆ ಊಹಿಸಬೇಕು? ರನ್‌ಗೆ ಮುಂಚಿನ ಕೊನೆಯ ನಿಲ್ದಾಣವಾದ ಮೂರನೇ ಬೇಸ್‌ನಲ್ಲಿ ಓಟಗಾರ ಕಾಯುತ್ತಿದ್ದಾಗ ಚೆಂಡು ಗ್ಲೌಸ್ ತಪ್ಪಿದರೆ ಒಂದು ರನ್ ಹೋಯಿತು, ತಪ್ಪು ಕ್ಯಾಚರ್ ಹೆಸರಿಗೆ. ಆ ಭಯಕ್ಕೇ ಪಿಚರ್‌ಗಳು ಇಕ್ಕಟ್ಟಿನಲ್ಲಿ ನಕಲ್‌ಬಾಲ್ ಬಿಟ್ಟು ಬೇರೇನಾದರೂ ಎಸೆಯುತ್ತಾರೆ, ಹೊಡೆತ ತಿನ್ನುತ್ತಾರೆ.

1967ರಲ್ಲಿ ನೀಕ್ರೋ ಅವರ ತಂಡ ಅಟ್ಲಾಂಟಾ ಬ್ರೇವ್ಸ್‌ಗೆ ಬಂದ ಯೂಕರ್, ಗೆಲ್ಲಬೇಕಾದರೆ ಯಾವಾಗಲೂ ಅದನ್ನೇ ಎಸೆ, ಹಿಡಿಯುವ ಪಾಡು ನನ್ನದು ಎಂದರು. ಆ ವರ್ಷ ಅವರ ಹೆಸರಿಗೆ 27 ಪಾಸ್ಡ್ ಬಾಲ್ (ಕ್ಯಾಚರ್ ಕೈತಪ್ಪಿದ ಚೆಂಡು), ಲೀಗ್‌ನಲ್ಲೇ ಅತಿ ಹೆಚ್ಚು. ನೀಕ್ರೋ ಹೆಸರಿಗೆ 1.87 ಇಆರ್‌ಎ (ಒಂಬತ್ತು ಇನಿಂಗ್ಸ್‌ಗೆ ಪಿಚರ್ ಹೊಣೆಯ ರನ್‌ಗಳ ಸರಾಸರಿ), ಲೀಗ್‌ನಲ್ಲೇ ಅತಿ ಕಡಿಮೆ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟೇ ಓದಬೇಕು. 2025ರ ಜನವರಿಯಲ್ಲಿ ಯೂಕರ್ ಕೂಡ ಹೊರಟುಹೋದರು.

221 ಪಂದ್ಯ ಗೆದ್ದ, ಫಿಲ್ ಅವರ ತಮ್ಮ ಜೋ; ಫಿಲ್ ಅವರಿಂದ ಕಲಿತು 2012ರ ಸೈ ಯಂಗ್ (ವರ್ಷದ ಅತ್ಯುತ್ತಮ ಪಿಚರ್ ಪ್ರಶಸ್ತಿ) ಗೆದ್ದ ಆರ್.ಎ. ಡಿಕ್ಕಿ; ಇವರಿಗೂ ವಂದನೆ.

ಒಂದೇ ವರ್ಷ, 1979ರಲ್ಲಿ, 21 ಗೆದ್ದು 20 ಸೋತ ಮನುಷ್ಯ ಫಿಲ್. 24 ವರ್ಷ ಎಸೆದರೂ ಒಂದೂ ವರ್ಲ್ಡ್ ಸೀರೀಸ್ (ವರ್ಷದ ಅಂತಿಮ ಸರಣಿ) ಆಡಲಿಲ್ಲ. ಇದು ಅನ್ಯಾಯ, ಈಗಲೂ ಹೊಟ್ಟೆ ಉರಿಯುತ್ತದೆ.

1985ರ ಅಕ್ಟೋಬರ್ 6ರಂದು, 46ನೇ ವಯಸ್ಸಿನಲ್ಲಿ, ಯಾಂಕೀಸ್ ತಂಡದ ಪರ 300ನೇ ಗೆಲುವು. ಅಂದು ಕೊನೆಯ ಬ್ಯಾಟರ್ ಬರುವವರೆಗೆ ಅವರು ನಕಲ್‌ಬಾಲ್ ಮುಟ್ಟಲಿಲ್ಲ. ಆಮೇಲೆ ಉಗುರೂರಿ ಎಸೆದರು. ಒಹಾಯೊದ ಮನೆಯಂಗಳದಲ್ಲಿ ಕಲ್ಲಿದ್ದಲು ಗಣಿಯ ಕಾರ್ಮಿಕ ಅಪ್ಪ ಕಲಿಸಿದ ಎಸೆತ ಅದು.