ಕಾನ್ವೆಂಟಿನ ಪಾತ್ರೆ ತೊಳೆಯುವ ಸರದಿಯೂ ಸುದ್ದಿಯೇ

ಸಂಪಾದಕರಿಗೆ ನಮಸ್ಕಾರ.

ಪತ್ರಿಕೆಯಲ್ಲಿ ಕನ್ಯಾಮಠಗಳ ಸುದ್ದಿ ಬರುವುದು ಎರಡೇ ಹೊತ್ತಿಗೆ. ಹಬ್ಬ ಇದ್ದಾಗ, ಇಲ್ಲವೇ ಗಲಾಟೆ ಆದಾಗ. ಮಿಕ್ಕ ದಿನ ಅಲ್ಲಿ ಏನು ನಡೆಯುತ್ತದೆ ಅಂತ ಕೇಳುವವರಿಲ್ಲ. ಕಾನ್ವೆಂಟ್ ಅಂದರೆ ಇಂಗ್ಲಿಷ್ ಶಾಲೆ ಅಂತಲೇ ನಮಗೆ ಅಭ್ಯಾಸ ಆಗಿಬಿಟ್ಟಿದೆ, ಅಸಲಿಗೆ ಅದು ಸಿಸ್ಟರ್‌ಗಳು, ಅಂದರೆ ಕ್ರೈಸ್ತ ಸನ್ಯಾಸಿನಿಯರು, ಒಟ್ಟಿಗೆ ಬಾಳುವ ಮನೆ ಅನ್ನುವುದೇ ಮರೆತುಹೋಗಿದೆ.

ನನ್ನ ಚಿಕ್ಕಮ್ಮ ಸಿಸ್ಟರ್. ಸಂಸಾರದ ತಾಪತ್ರಯ ಬೇಡ ಅಂತ ಕಾನ್ವೆಂಟಿಗೆ ಬಂದು ನೆಮ್ಮದಿಯಾಗಿದ್ದಾರೆ ಅಂದುಕೊಂಡಿದ್ದೆ. ಒಮ್ಮೆ ಹಾಗಂತ ಹೇಳಿಯೂ ಬಿಟ್ಟೆ. ಅವರು ನಕ್ಕು, "ನೀನು ನಿನಗೆ ಒಪ್ಪಿಗೆಯಾದ ಒಬ್ಬಳ ಜೊತೆ ಇರ್ತೀಯ. ನಾನು ಹನ್ನೊಂದು ಜನರ ಜೊತೆ ಇದ್ದೀನಿ, ಒಬ್ಬರನ್ನೂ ನಾನು ಆರಿಸಿಕೊಂಡಿಲ್ಲ" ಅಂದರು.

ಆಮೇಲೆ ಹೋದಾಗಲೆಲ್ಲ ಗಮನಿಸಿದೆ. ಬೆಳಗಾಗುವ ಮುಂಚೆ ಎಲ್ಲರೂ ಒಟ್ಟಿಗೆ ಪ್ರಾರ್ಥನೆ, ಬಲಿಪೂಜೆ (ಚರ್ಚಿನಲ್ಲಿ ಮಾಸ್ ಅನ್ನುವ ಪೂಜೆ). ಆಮೇಲೆ ಒಬ್ಬರು ಆಸ್ಪತ್ರೆಗೆ, ಇನ್ನೊಬ್ಬರು ಶಾಲೆಗೆ, ಮತ್ತೊಬ್ಬರು ತೋಟಕ್ಕೆ, ವಯಸ್ಸಾದ ಒಬ್ಬ ಸಿಸ್ಟರ್ ಬಾಗಿಲ ಬಳಿ ಕೂತು ಬಂದವರನ್ನು ವಿಚಾರಿಸುತ್ತಾರೆ. ಸಂಜೆ ಮತ್ತೆ ಎಲ್ಲರೂ ಪ್ರಾರ್ಥನೆಗೆ. ದುಡಿದದ್ದು ದುಡಿದವರ ಕೈಗೆ ಬರುವುದಿಲ್ಲ, ಅದು ಇಡೀ ಸಂಸ್ಥೆಯದ್ದು ಅಂತ ಕಥೋಲಿಕರ 1983ರ ಧರ್ಮಸಭಾ ಕಾನೂನಿನಲ್ಲೇ ಇದೆ. ಬಡತನದ ವ್ರತ ಅಂದರೆ ಏನು ಅಂತ ನನಗೆ ತಿಳಿದದ್ದು, ಜೀವಮಾನವಿಡೀ ನರ್ಸ್ ಆಗಿ ದುಡಿದ ಚಿಕ್ಕಮ್ಮ ಒಂದು ಜೊತೆ ಚಪ್ಪಲಿಗೆ ಮದರ್ (ಕಾನ್ವೆಂಟಿನ ಮುಖ್ಯಸ್ಥೆ) ಹತ್ತಿರ ಹೋಗಿ ಕೇಳಿದ ದಿನ.

ಈ ಒಟ್ಟು ಬಾಳುವೆಯ ಕಷ್ಟ ಇವತ್ತಿನದಲ್ಲ. 6ನೇ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟ್ ಮಠವಾಸಿಗಳಿಗೆ ಬರೆದ ನಿಯಮದಲ್ಲಿ 73 ಅಧ್ಯಾಯಗಳಿವೆ, ಅದರಲ್ಲಿ ಒಂದು ಇಡೀ ಅಧ್ಯಾಯ ಅಡುಗೆಮನೆ ಸರದಿಗೇ ಮೀಸಲು. ವಾರ ಮುಗಿಸಿದವರು ಶನಿವಾರ ಒರೆಸುವ ಬಟ್ಟೆ ಒಗೆದು, ಪಾತ್ರೆ ಪರಡಿ ಚೊಕ್ಕ ಮಾಡಿ ಒಪ್ಪಿಸಬೇಕು. ದೊಡ್ಡ ವಿಷಯ ಬಂದರೆ ಎಲ್ಲರನ್ನೂ ಕರೆದು ಕೇಳಬೇಕು, ಯಾಕಂದರೆ ಒಳ್ಳೆಯ ದಾರಿಯನ್ನು ದೇವರು ಎಷ್ಟೋ ಸಲ ಕಿರಿಯರಿಗೇ ತೋರಿಸುತ್ತಾನೆ ಅನ್ನುತ್ತಾರೆ. ಗೊಣಗಬೇಡಿ ಅಂತ ಅವರು ಮತ್ತೆ ಮತ್ತೆ ಹೇಳುವುದು ನೋಡಿದರೆ ಆಗಲೂ ಗೊಣಗಾಟ ಜಾಸ್ತಿಯೇ ಇತ್ತು, ಅಲ್ವಾ? ಚಿಕ್ಕಮ್ಮನವರದ್ದು ಬೇರೆ ಸನ್ಯಾಸಿನಿ ಸಂಸ್ಥೆ, ನಿಯಮವೂ ಬೇರೆ. ಆದರೆ ಅವರ ಊಟದ ಕೋಣೆಯ ಗೋಡೆಯ ಮೇಲೂ ಪಾತ್ರೆ ತೊಳೆಯುವ ಸರದಿ ಪಟ್ಟಿ ನೇತಾಡುತ್ತದೆ, ಮದರ್ ಹೆಸರೂ ಅದರಲ್ಲಿದೆ.

ಎಲ್ಲ ಚೆನ್ನಾಗಿದೆ ಅಂತ ಸುಮ್ನೆ ಹೊಗಳುತ್ತಿಲ್ಲ. ವರ್ಗಾವಣೆ ಪತ್ರ ಬಂದರೆ ಎರಡು ಚೀಲ ಹಿಡಿದು ಹೊರಡಲೇಬೇಕು. ಎಪ್ಪತ್ತು ದಾಟಿದ ಮೇಲೆ ಚಿಕ್ಕಮ್ಮನನ್ನು ಹಾಗೆ ಕಳಿಸಿದ್ದು ನನಗೆ ಇವತ್ತಿಗೂ ಸರಿ ಅನಿಸಿಲ್ಲ, ಅವರಿಗೆ ಬೇಸರ ಇತ್ತೋ ಏನೋ, ಬಾಯಿ ಬಿಡಲಿಲ್ಲ. ವಿಧೇಯತೆಯ ಹೆಸರಲ್ಲಿ ಯಾರನ್ನಾದರೂ ಬಾಯಿ ಮುಚ್ಚಿಸಿದರೆ ಅದನ್ನು ಪತ್ರಿಕೆ ಬರೆಯಲೇಬೇಕು, ಬೇಡ ಅನ್ನುವುದಿಲ್ಲ. ಆದರೆ ಊಟದ ಹೊತ್ತಿಗೆ ಜಗಳ ಆಡಿದ ಇಬ್ಬರು ರಾತ್ರಿ ಪ್ರಾರ್ಥನೆಗೆ ಒಂದೇ ಬೆಂಚಿನಲ್ಲಿ ಕೂರಬೇಕಾದ ಮನೆಯ ಕಥೆಯೂ ಬರಲಿ.

1997ರಿಂದ ಫೆಬ್ರವರಿ 2ರಂದು ಕಥೋಲಿಕ ಧರ್ಮಸಭೆ ಇಂಥ ವ್ರತ ತೊಟ್ಟವರ ದಿನ ಆಚರಿಸುತ್ತಿದೆ. ಆವತ್ತು ವರದಿಗಾರರನ್ನು ಕಳಿಸುವುದಿದ್ದರೆ ಪೂಜೆಯ ಹೊತ್ತಿಗೆ ಬೇಡ, ಫೋಟೋ ಚೆನ್ನಾಗಿ ಬರುತ್ತದೆ ಅಷ್ಟೇ. ರಾತ್ರಿ ಊಟ ಆದ ಮೇಲೆ, ಪಾತ್ರೆ ತೊಳೆಯುವ ಹೊತ್ತಿಗೆ ಕಳಿಸಿ.

ಇಂತಿ,
ಒಬ್ಬ ಓದುಗ